ಜಿಮ್ನಿಗೆ ಸ್ಪೇಸರ್: ಹಾಕುವ ಮುನ್ನ, ಹಾಕುವಾಗ, ಹಾಕಿದ ಮೇಲೆ

ಮಾರುತಿ ಸುಜುಕಿಯ ನಾಲ್ಕು ಚಕ್ರ ಚಾಲನೆಯ ಗಾಡಿ ಜಿಮ್ನಿಯನ್ನು ಕೊಂಡವರು ಮೊದಲ ಮಳೆಗಾಲ ಮುಗಿಯುವ ಹೊತ್ತಿಗೆ ಕೇಳುವ ಪ್ರಶ್ನೆ ಒಂದೇ: ಗಾಡಿಯನ್ನು ಇನ್ನೊಂದಿಷ್ಟು ಎತ್ತರಿಸಬಹುದೇ? ಎತ್ತರಿಸಬಹುದು. ಸ್ಪ್ರಿಂಗ್ ಮತ್ತು ಚಾಸಿಸ್ (ಗಾಡಿಯ ಅಡಿಚೌಕಟ್ಟು) ನಡುವೆ ಒಂದು ದಪ್ಪ ಬಿಲ್ಲೆ ಇಟ್ಟರೆ ಆಯಿತು. ಅದನ್ನೇ ಸ್ಪೇಸರ್ ಎನ್ನುತ್ತಾರೆ. ಹೊಸ ಸ್ಪ್ರಿಂಗ್ ಬೇಡ, ವೆಲ್ಡಿಂಗ್ ಬೇಡ, ಖರ್ಚೂ ಕಡಿಮೆ. ಬೇಡವೆನಿಸಿದರೆ ಬಿಚ್ಚಿ ತೆಗೆದು ಮೊದಲಿನಂತೆ ಮಾಡಬಹುದು. ಇಷ್ಟು ಸುಲಭವಾದ ಕೆಲಸವೆಂದೇ ಜನ ಲೆಕ್ಕ ಹಾಕದೆ ಮಾಡಿಸಿಕೊಂಡು, ಆಮೇಲೆ ಸ್ಟೀರಿಂಗ್ ತೇಲುತ್ತದೆ, ಗುಂಡಿಗೆ ಇಳಿದರೆ ಟಕ್ಕೆನ್ನುತ್ತದೆ ಎಂದು ಗ್ಯಾರೇಜಿನಿಂದ ಗ್ಯಾರೇಜಿಗೆ ಅಲೆಯುತ್ತಾರೆ.

ನಮ್ಮ ದೇಶದಲ್ಲಿ 2023ರಲ್ಲಿ ಬಂದ ಐದು ಬಾಗಿಲಿನ ಜಿಮ್ನಿಯನ್ನು ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಅದರ ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸೆಲ್ (ಎಡ-ಬಲ ಚಕ್ರಗಳನ್ನು ಸೇರಿಸುವ ಒಂದೇ ಗಟ್ಟಿ ದಂಡ), ನಾಲ್ಕೂ ಚಕ್ರಕ್ಕೆ ಕಾಯಿಲ್ (ಸುರುಳಿ) ಸ್ಪ್ರಿಂಗ್, ಸ್ಪ್ರಿಂಗಿನಿಂದ ಬೇರೆಯಾಗಿ ನಿಂತು ಅದರ ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್. ಸ್ಪೇಸರ್ ಹಾಕಲು ಇದಕ್ಕಿಂತ ಸರಳವಾದ ರಚನೆ ಇನ್ನೊಂದಿಲ್ಲ. 2020ರ ನಂತರದ ಮಹೀಂದ್ರಾ ಥಾರ್ ಹಾಗಲ್ಲ. ಅದರ ಮುಂಭಾಗದಲ್ಲಿ ಎರಡು ಚಕ್ರಗಳೂ ಸ್ವತಂತ್ರವಾಗಿ ಆಡುತ್ತವೆ, ಸ್ಪ್ರಿಂಗ್ ಮತ್ತು ಶಾಕ್ ಒಂದೇ ಜೋಡಣೆಯಲ್ಲಿವೆ. ಅಲ್ಲಿ ಸ್ಪೇಸರಿನ ದಪ್ಪವೇ ಬೇರೆ, ಗಾಡಿ ಏಳುವ ಎತ್ತರವೇ ಬೇರೆ. ಒತ್ತಿಟ್ಟ ಸ್ಪ್ರಿಂಗನ್ನು ಬಿಚ್ಚುವ ಅಪಾಯದ ಕೆಲಸವೂ ಎದುರಾಗಬಹುದು, ಮನೆಯಂಗಳದಲ್ಲಿ ಅದಕ್ಕೆ ಕೈ ಹಾಕಬೇಡಿ. ಹಳೆಯ ಜಿಪ್ಸಿಗೆ ಕಾಯಿಲ್ ಇಲ್ಲವೇ ಇಲ್ಲ, ಕಮಾನುಪಟ್ಟಿ. ಅದರ ಕಥೆ ಬೇರೆ. ಒಂದು ಮಾತನ್ನು ಮಾತ್ರ ಹೇಳಿಬಿಡುತ್ತೇನೆ: ಮುಂದಿನ ಆಕ್ಸೆಲ್ ಮತ್ತು ಪಟ್ಟಿಯ ನಡುವೆ ಕಬ್ಬಿಣದ ಬ್ಲಾಕ್ ಇಟ್ಟು ಎತ್ತರಿಸುವವರ ಹತ್ತಿರ ಸುಳಿಯಬೇಡಿ. ಬ್ರೇಕ್ ಹಾಕಿದಾಗ ಅದು ಜರುಗಿದರೆ ಸ್ಟೀರಿಂಗ್ ನಿಮ್ಮ ಕೈಯಲ್ಲಿ ಇರುವುದಿಲ್ಲ.

ಎತ್ತರವಾಗುವುದು ಯಾವುದು?

ಮಳೆಯಲ್ಲಿ ಪಂಚೆ ಎತ್ತಿ ಕಟ್ಟಿದರೆ ಬಟ್ಟೆ ನೆನೆಯುವುದು ತಪ್ಪುತ್ತದೆ, ಪಾದ ಮಾತ್ರ ಕೆಸರಿನಲ್ಲೇ ಇರುತ್ತದೆ. ಸ್ಪೇಸರ್ ಮಾಡುವುದು ಅಷ್ಟೇ. ಜಿಮ್ನಿಯ ನೆಲದಂತರ 210 ಮಿ.ಮೀ. ಎಂದು ಕಂಪನಿ ಹೇಳುತ್ತದೆ. ಗಟ್ಟಿ ಆಕ್ಸೆಲ್ ಇರುವ ಗಾಡಿಯಲ್ಲಿ ನೆಲಕ್ಕೆ ತೀರಾ ಹತ್ತಿರವಿರುವುದು ಆಕ್ಸೆಲ್ ನಡುವಿನ ಡಿಫರೆನ್ಷಿಯಲ್ ಉಂಡೆ, ಅಂದರೆ ಎಂಜಿನ್ನಿನ ಶಕ್ತಿಯನ್ನು ಎರಡು ಚಕ್ರಗಳಿಗೆ ಹಂಚುವ ಗೇರುಗಳ ಗೂಡು. ಅದು ಚಕ್ರದ ಜೊತೆಗೇ ಇರುತ್ತದೆ, ಸ್ಪ್ರಿಂಗಿನ ಕೆಳಗೆ. ನೀವು ಸ್ಪ್ರಿಂಗಿನ ಮೇಲೆ 30 ಮಿ.ಮೀ. ಇಡಿ, 50 ಇಡಿ, ಉಂಡೆ ಒಂದು ಕೂದಲಿನಷ್ಟೂ ಮೇಲೇಳುವುದಿಲ್ಲ. ಅದನ್ನು ಎತ್ತುವುದು ದೊಡ್ಡ ಟೈರ್ ಒಂದೇ.

ಹಾಗಾದರೆ ಲಾಭವೇನು? ಗಾಡಿಯ ಒಡಲು ಮೇಲೇಳುತ್ತದೆ. ಬಂಪರು, ಬಾಗಿಲ ಕೆಳಗಿನ ಅಂಚು, ಗೇರ್‌ಬಾಕ್ಸು, ಶಕ್ತಿಯನ್ನು ಮುಂದಿನ ಹಿಂದಿನ ಆಕ್ಸೆಲುಗಳಿಗೆ ಕಳಿಸುವ ಟ್ರಾನ್ಸ್‌ಫರ್ ಕೇಸು ಎಲ್ಲವೂ. ಭಾರತದ ಜಿಮ್ನಿಗೆ ಇದು ಬೇಕಾದದ್ದೇ. ಮೂರು ಬಾಗಿಲಿನ ಜಿಮ್ನಿಯಲ್ಲಿ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ 2,250 ಮಿ.ಮೀ. ಅಂತರ. ನಮ್ಮದರಲ್ಲಿ 2,590. ಈ 340 ಮಿ.ಮೀ. ಹಿಗ್ಗಿದ್ದರಿಂದ, ಉಬ್ಬನ್ನು ಹೊಟ್ಟೆ ತಾಗದೆ ದಾಟುವ ಕೋನ 28 ಡಿಗ್ರಿಯಿಂದ 24ಕ್ಕೆ ಇಳಿಯಿತು. ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಮಳೆನೀರನ್ನು ಪಕ್ಕಕ್ಕೆ ಹೊರಳಿಸಲು ರಸ್ತೆಗೆ ಅಡ್ಡವಾಗಿ ಮಣ್ಣಿನ ಉಬ್ಬು ಹಾಕಿರುತ್ತಾರಲ್ಲ, ಅಂಥ ಕಡೆ ಈ 4 ಡಿಗ್ರಿಯ ಬೆಲೆ ಗೊತ್ತಾಗುತ್ತದೆ. ಅಂದಾಜು ಲೆಕ್ಕದಲ್ಲಿ 40 ಮಿ.ಮೀ. ಎತ್ತರಿಸಿದರೆ ಅದರಲ್ಲಿ ಸುಮಾರು 3 ಡಿಗ್ರಿ ಮರಳಿ ಸಿಗುತ್ತದೆ.

ಅದೇ ತೋಟದಲ್ಲಿ ಟ್ರ್ಯಾಕ್ಟರ್ ಓಡಾಡಿ ಎರಡು ಕಡೆ ಕೊರೆದು, ನಡುವೆ ದಿಣ್ಣೆ ಎದ್ದಿರುವ ರಸ್ತೆಯಲ್ಲಿ ನಿಮ್ಮ ಗಾಡಿ ಉಜ್ಜುತ್ತಿದೆ ಎಂದುಕೊಳ್ಳಿ. ಅಲ್ಲಿ ತಾಗುವುದು ಡಿಫರೆನ್ಷಿಯಲ್. ಸ್ಪೇಸರಿನಿಂದ ಅಲ್ಲಿ ಏನೂ ಆಗುವುದಿಲ್ಲ. ಆದ್ದರಿಂದ ಮೊದಲ ಹೆಜ್ಜೆ ಅಂಗಡಿಗೆ ಹೋಗುವುದಲ್ಲ. ಟಾರ್ಚ್ ಹಿಡಿದು ಗಾಡಿಯ ಕೆಳಗೆ ಮಲಗಿ. ಗೀರುಗಳು ಎಲ್ಲಿವೆ ನೋಡಿ. ಉಂಡೆಯ ಮೇಲೆ ಮಾತ್ರ ಇದ್ದರೆ ಟೈರಿನ ಬಗ್ಗೆ ಯೋಚಿಸಿ. ಟ್ರಾನ್ಸ್‌ಫರ್ ಕೇಸಿನ ಅಡ್ಡಪಟ್ಟಿಯ ಮೇಲೋ ಬಂಪರಿನ ತುದಿಯಲ್ಲೋ ಇದ್ದರೆ ಮುಂದೆ ಓದಿ.

ಟೈರಿನ ಲೆಕ್ಕ ಹೀಗಿದೆ. ಕಂಪನಿಯ 195/80 ಆರ್15 ಟೈರಿನ ವ್ಯಾಸ 693 ಮಿ.ಮೀ. 215/75 ಹಾಕಿದರೆ 703, ಅಂದರೆ ಉಂಡೆ ಏಳುವುದು 5 ಮಿ.ಮೀ. ಮಾತ್ರ. ಇದಕ್ಕೆ ಸ್ಪೇಸರ್ ಇಲ್ಲದೆಯೂ ಜಾಗವಿರುತ್ತದೆ. 235/75 ಹಾಕಿದರೆ 733, ಉಂಡೆ 20 ಮಿ.ಮೀ. ಏಳುತ್ತದೆ. ಆದರೆ ಅದಕ್ಕೆ ಗಾಡಿ ಎತ್ತರಿಸಬೇಕು, ಬಂಪರಿನ ಮೂಲೆ ಕತ್ತರಿಸಬೇಕು. ಮೀಟರಿನಲ್ಲಿ 100 ತೋರಿಸುವಾಗ ಗಾಡಿ ಮೊದಲು ಹೋಗುತ್ತಿದ್ದುದಕ್ಕಿಂತ ಸುಮಾರು 6 ಕಿ.ಮೀ. ಹೆಚ್ಚು ವೇಗದಲ್ಲಿರುತ್ತದೆ. ಒಂದೂವರೆ ಲೀಟರಿನ ಎಂಜಿನ್ ಆ ಭಾರವನ್ನು ಘಟ್ಟ ಹತ್ತಿಸುವಾಗ ಏದುಸಿರು ಬಿಡುತ್ತದೆ.

ಎಷ್ಟು ದಪ್ಪ?

ನನ್ನ ಅಭಿಪ್ರಾಯದಲ್ಲಿ ಬರಿಯ ಸ್ಪೇಸರ್ ಹಾಕುವುದಾದರೆ 25ರಿಂದ 30 ಮಿ.ಮೀ. ಸಾಕು. 40ಕ್ಕೆ ಹೋದರೆ ಬೇರೆ ಭಾಗಗಳನ್ನೂ ಹೊಂದಿಸಬೇಕು. 50 ಬೇಕೆನ್ನುವವರು ಸ್ಪೇಸರ್ ಬಿಟ್ಟು ಉದ್ದದ ಸ್ಪ್ರಿಂಗ್ ಮತ್ತು ಅದಕ್ಕೆ ಹೊಂದುವ ಶಾಕ್ ಕೊಳ್ಳುವುದು ಲೇಸು. ಏಕೆ ಎಂಬುದನ್ನು ತುಸು ಬಿಡಿಸಿ ಹೇಳಬೇಕು, ಎಡವಟ್ಟೆಲ್ಲ ಆಗುವುದು ಇಲ್ಲೇ.

ಸ್ಪೇಸರ್ ಹಾಕಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂಬುದು ತಪ್ಪು. ಅದರ ಮೇಲಿನ ಭಾರ ಮೊದಲಿನಷ್ಟೇ, ಹಾಗಾಗಿ ಅದು ಕುಗ್ಗಿರುವುದೂ ಮೊದಲಿನಷ್ಟೇ. ಬದಲಾಗುವುದು ಶಾಕ್ ಅಬ್ಸಾರ್ಬರಿನ ಸ್ಥಿತಿ. ಗಾಡಿ ನಿಂತಾಗ ಶಾಕ್ ಇನ್ನೂ 90 ಮಿ.ಮೀ. ಕೆಳಕ್ಕೆ ಚಾಚಬಲ್ಲದು ಎಂದಿಟ್ಟುಕೊಳ್ಳಿ. 40 ಮಿ.ಮೀ. ಸ್ಪೇಸರ್ ಹಾಕಿದ ಮೇಲೆ ಉಳಿಯುವುದು 50. ಚಕ್ರ ಗುಂಡಿಗೆ ಇಳಿದಾಗ ಶಾಕ್ ಬೇಗ ತುದಿ ಮುಟ್ಟುತ್ತದೆ. ಆ ಟಕ್ ಸದ್ದು ಅದರದೇ. ಜನ ಸ್ಪ್ರಿಂಗ್ ಗಟ್ಟಿಯಾಯಿತು ಎನ್ನುವುದೂ ಈ ಪೆಟ್ಟನ್ನೇ. ಚಕ್ರ ನೆಲ ಬಿಟ್ಟು ಮೇಲೇಳುವುದೂ ಬೇಗ. ಗುಡ್ಡ ಹತ್ತುವಾಗ ಹಿಡಿತ ಬೇಕೆಂದು ಎತ್ತರಿಸಿ ಹಿಡಿತವನ್ನೇ ಕಳೆದುಕೊಂಡಂತಾಯಿತು.

ಮೇಲಿನ ತುದಿಯಲ್ಲಿ ಇನ್ನೊಂದು ತೊಡಕು ಇದೆ. ಚಕ್ರ ಪೂರ್ತಿ ಮೇಲೇರಿದಾಗ ಆಕ್ಸೆಲನ್ನು ತಡೆಯುವುದು ಬಂಪ್ ಸ್ಟಾಪ್ ಎಂಬ ರಬ್ಬರ್ ಗಟ್ಟಿ. ಅದು ಹಳೆಯ ಜಾಗದಲ್ಲೇ ಇದೆ. ಸ್ಪ್ರಿಂಗಿನ ಪಾಲಿನ ಜಾಗ ಮಾತ್ರ 40 ಮಿ.ಮೀ. ಕಡಿಮೆಯಾಗಿದೆ. ರಬ್ಬರ್ ತಾಗುವ ಮೊದಲೇ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಒತ್ತಿ ಕಬ್ಬಿಣದ ಕೊಳವೆಯಂತಾಗಬಹುದು. ಹಾಗಾಗಿ 40ರ ಸ್ಪೇಸರ್ ಹಾಕುವವರು ಬಂಪ್ ಸ್ಟಾಪನ್ನು 40 ಕೆಳಗಿಳಿಸಬೇಕು, ಶಾಕಿನ ಬುಡಕ್ಕೂ 40ರ ಉದ್ದಿಕೆ ಹಾಕಬೇಕು. ಮೂರೂ ಒಂದೇ ಅಳತೆಯಲ್ಲಿ ಸರಿದರೆ ಸ್ಪ್ರಿಂಗ್ ಮತ್ತು ಶಾಕ್ ಕಂಪನಿ ಕೊಟ್ಟ ಮಿತಿಯೊಳಗೇ ಕೆಲಸ ಮಾಡುತ್ತವೆ. ಶಾಕಿನ ಉದ್ದಿಕೆ ಮಾತ್ರ ಹಾಕಿ ಬಂಪ್ ಸ್ಟಾಪ್ ಮರೆತರೆ, ದೊಡ್ಡ ಏಟಿಗೆ ಶಾಕ್ ಒಳಗೇ ಕುಟ್ಟಿ ಎಣ್ಣೆ ಸೋರುತ್ತದೆ.

ಇನ್ನು ಸ್ಟೀರಿಂಗ್. ಮುಂದಿನ ಆಕ್ಸೆಲನ್ನು ಎರಡು ತೋಳುಗಳು ಹಿಡಿದಿವೆ, ಅವುಗಳ ಇನ್ನೊಂದು ತುದಿ ಚಾಸಿಸಿನಲ್ಲಿದೆ. ಚಾಸಿಸ್ ಏರಿದಾಗ ತೋಳು ಓರೆಯಾಗುತ್ತದೆ, ಅದರ ಜೊತೆ ಆಕ್ಸೆಲೂ ಮುಂದಕ್ಕೆ ತಿರುಗುತ್ತದೆ. ತೋಳಿನ ಉದ್ದ 700 ಮಿ.ಮೀ. ಎಂದುಕೊಂಡರೆ 40ಕ್ಕೆ 3 ಡಿಗ್ರಿಯಷ್ಟು. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದು ಕ್ಯಾಸ್ಟರ್ ಕೋನದಿಂದ, ಅಂದರೆ ಚಕ್ರ ಎಡ-ಬಲಕ್ಕೆ ಹೊರಳುವ ಕೀಲು ಹಿಂದಕ್ಕೆ ವಾಲಿರುವ ಕೋನದಿಂದ. ಇಲ್ಲಿ ಕಳೆದುಹೋಗುವುದು ಅದೇ ಕೋನ. ಹೆದ್ದಾರಿಯಲ್ಲಿ ಗಾಡಿ ತೇಲಿದಂತಾಗುವುದು, ಗುಂಡಿ ಹಾರಿದ ಮೇಲೆ ಸ್ಟೀರಿಂಗ್ ಗಡಗಡ ಅದುರುವುದು ಇದರಿಂದ ಶುರುವಾಗಬಹುದು. 40 ಮಿ.ಮೀ.ಗೆ ಹೋಗುವವರು ತೋಳಿನ ಕೀಲಿಗೆ, ತೂತು ನಡುವಿನಿಂದ ಪಕ್ಕಕ್ಕೆ ಸರಿದಿರುವ ಕ್ಯಾಸ್ಟರ್ ಬುಷ್ ಹಾಕಿಸಲೇಬೇಕು. ಆಕ್ಸೆಲ್ ಅಡ್ಡಕ್ಕೆ ಸರಿಯದಂತೆ ಹಿಡಿದಿರುವ ಲ್ಯಾಟರಲ್ ರಾಡ್ ಕೂಡ ಓರೆಯಾಗಿ, ಆಕ್ಸೆಲ್ ಒಂದು ಪಕ್ಕಕ್ಕೆ ಕೆಲವು ಮಿ.ಮೀ. ಸರಿಯುತ್ತದೆ. 30ರವರೆಗೆ ಇದನ್ನು ಸಹಿಸಿಕೊಳ್ಳಬಹುದು. ಅದಕ್ಕಿಂತ ಹೆಚ್ಚಾದರೆ ಉದ್ದ ಹೊಂದಿಸಬಹುದಾದ ರಾಡ್ ಬೇಕು.

ಕೊಳ್ಳುವಾಗ

ಪಾಲಿಯುರೆಥೇನ್ ಮತ್ತು ಅಲ್ಯೂಮಿನಿಯಂ ಸ್ಪೇಸರುಗಳು ಎರಡೂ ಒಳ್ಳೆಯವೇ. ಪಾಲಿಯುರೆಥೇನ್ ಸದ್ದು ಮಾಡುವುದಿಲ್ಲ, ತುಕ್ಕೂ ಹಿಡಿಯುವುದಿಲ್ಲ. ಲೇತಿನಲ್ಲಿ ಕಡೆದು ಕೊಡುತ್ತೇನೆ ಎಂದು ಯಾರಾದರೂ ಸಾದಾ ನೈಲಾನ್ ದುಂಡಿನಿಂದ ಮಾಡಿಕೊಟ್ಟರೆ ಸ್ಪ್ರಿಂಗಿನ ತುದಿ ಕೂರಲು ಅದರಲ್ಲಿ ಅಂಚು ಇದೆಯೇ, ನಡುವೆ ಬಂಪ್ ಸ್ಟಾಪ್ ಹಾಯಲು ತೂತು ಇದೆಯೇ ನೋಡಿ. ಅಂಚಿಲ್ಲದ ಚಪ್ಪಟೆ ಬಿಲ್ಲೆ ಜಾರಿ ಪಕ್ಕಕ್ಕೆ ಬಂದರೆ ಸ್ಪ್ರಿಂಗ್ ಬಾಗುತ್ತದೆ.

ಕಾಯಿಲ್ ಸುತ್ತುಗಳ ನಡುವೆ ತುರುಕುವ ರಬ್ಬರ್ ಬಫರುಗಳು ಬಿಡಿಭಾಗದ ಅಂಗಡಿಗಳಲ್ಲಿ ನೇತಾಡುತ್ತಿರುತ್ತವೆ. ಅವುಗಳನ್ನು ಸ್ಪೇಸರ್ ಎಂದು ಮಾರುವುದೂ ಉಂಟು. ಅವು ಸ್ಪೇಸರ್ ಅಲ್ಲ. ಒಂದೆರಡು ಸುತ್ತು ಆಡದಂತೆ ಮಾಡಿ, ಕುಗ್ಗುವ ಕೆಲಸವನ್ನೆಲ್ಲ ಉಳಿದ ಸುತ್ತುಗಳ ಮೇಲೆ ಹೇರುತ್ತವೆ. ಜಿಮ್ನಿಗೆ ಬೇಡವೇ ಬೇಡ.

ಗೊಬ್ಬರದ ಮೂಟೆ ಹಾಕಿದಾಗ ಹಿಂದೆ ಕುಸಿಯುತ್ತದೆ, ಹಿಂದೆ ಮಾತ್ರ ಹಾಕಬಹುದೇ ಎಂದು ತೋಟದವರು ಕೇಳುತ್ತಾರೆ. 15–20 ಮಿ.ಮೀ. ಹಾಕಬಹುದು. ಆದರೆ ಹಿಂಭಾಗ ಎದ್ದರೆ ಇಡೀ ಗಾಡಿ ಮುಂದಕ್ಕೆ ವಾಲುತ್ತದೆ, ಕ್ಯಾಸ್ಟರ್ ಅರ್ಧ ಡಿಗ್ರಿಯಷ್ಟು ಅಲ್ಲೂ ಹೋಗುತ್ತದೆ, ಹೆಡ್‌ಲೈಟ್ ನೆಲ ನೋಡುತ್ತದೆ. ಸದಾ ಭಾರ ಹೊರುವ ಗಾಡಿಗೆ ನಿಜವಾದ ಪರಿಹಾರ ಗಟ್ಟಿ ಸ್ಪ್ರಿಂಗ್.

ಕಾನೂನು

ಇದನ್ನು ಯಾವ ಅಂಗಡಿಯವನೂ ಹೇಳುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮು, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸಜೆ, ಇಲ್ಲವೇ ಎರಡನ್ನೂ ವಿಧಿಸುತ್ತದೆ. ಕೈಗೆ ಪಾನಾ ತೆಗೆದುಕೊಳ್ಳುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ. ಅಪಘಾತವಾದ ಮೇಲೆ ಸರ್ವೇಯರ್ ಸ್ಪೇಸರ್ ಕಂಡುಹಿಡಿದರೆ ಪರಿಹಾರದ ಹಣಕ್ಕಾಗಿ ವಾದಿಸುತ್ತಾ ಕೂರಬೇಕಾಗುತ್ತದೆ. ಸಸ್ಪೆನ್ಷನ್ನಿನ ವಾರಂಟಿಯ ಆಸೆಯನ್ನೂ ಬಿಟ್ಟುಬಿಡಿ.

ಕೆಲಸಕ್ಕೆ ಇಳಿಯೋಣ

ಕಾಂಕ್ರೀಟ್ ನೆಲ ಬೇಕು. ತೋಟದ ಮಣ್ಣಿನ ಕಣ ಬೇಡ, ಸ್ಟ್ಯಾಂಡ್ ಒಂದು ಕಡೆ ಹೂತರೆ ಗಾಡಿ ನಿಮ್ಮ ಮೇಲೆ ಬರುತ್ತದೆ. ಟ್ರಾಲಿ ಜಾಕ್, ಗಟ್ಟಿಯಾದ ಎರಡು ಜಾಕ್ ಸ್ಟ್ಯಾಂಡ್, ಚಕ್ರಕ್ಕೆ ಕೊಡಲು ಮರದ ದಿಮ್ಮಿಗಳು, ಸಾಕೆಟ್ ಸೆಟ್, ಟಾರ್ಕ್ ವ್ರೆಂಚ್, ತುಕ್ಕು ಬಿಡಿಸುವ ಸ್ಪ್ರೇ, ತಂತಿ ಬ್ರಷ್, ಗುರುತಿಗೆ ಬಿಳಿ ಬಣ್ಣ. ಇವುಗಳ ಜೊತೆಗೆ ಇನ್ನೊಬ್ಬ ಮನುಷ್ಯ. ಗಾಡಿಯ ಜೊತೆ ಬರುವ ಕತ್ತರಿ ಜಾಕ್ ಪಂಕ್ಚರ್‌ಗೆ ಮಾತ್ರ. ಹಿಂದಿನ ರಾತ್ರಿಯೇ ಬೋಲ್ಟುಗಳಿಗೆಲ್ಲ ಸ್ಪ್ರೇ ಹೊಡೆದಿಡಿ.

1. ಅಳತೆ ತೆಗೆಯಿರಿ. ಚಕ್ರದ ನಡುಬಿಂದುವಿನಿಂದ ನೇರ ಮೇಲೆ ಮಡ್‌ಗಾರ್ಡಿನ ಅಂಚಿನವರೆಗೆ, ನಾಲ್ಕೂ ಕಡೆ. ನೆಲದಿಂದ ಅಳೆದರೆ ಟೈರಿನ ಗಾಳಿ ಲೆಕ್ಕ ಕೆಡಿಸುತ್ತದೆ. ಎಡಕ್ಕೂ ಬಲಕ್ಕೂ ಐದಾರು ಮಿ.ಮೀ. ವ್ಯತ್ಯಾಸ ಕಂಡರೆ ಗಾಬರಿ ಬೇಡ, ಬರೆದಿಡಿ. ಹಳೆಯ ಗಾಡಿಯಾಗಿದ್ದು ಒಂದು ಮೂಲೆ ತೀರಾ ಕುಸಿದಿದ್ದರೆ ಸ್ಪೇಸರ್ ಬಿಟ್ಟು ಸ್ಪ್ರಿಂಗ್ ಬದಲಿಸಿ.

2. ಮುಂಭಾಗದಿಂದ ಶುರು ಮಾಡಿ. ಸ್ಟೀರಿಂಗ್ ನೇರವಿರಲಿ, ಗೇರಿನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ದಿಮ್ಮಿ ಕೊಡಿ. ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸಡಿಲಿಸಿ. ಜಾಕ್ ಏರಿಸಿ ಸ್ಟ್ಯಾಂಡುಗಳನ್ನು ಚಾಸಿಸ್ ಹಳಿಯ ಕೆಳಗೆ ಇಡಿ. ಆಕ್ಸೆಲ್ ಕೆಳಗಿಟ್ಟರೆ ಅದು ಇಳಿಯುವುದಾದರೂ ಹೇಗೆ? ಜಾಕನ್ನು ಆಕ್ಸೆಲಿನ ಕೊಳವೆಗೆ ಆನಿಸಿ ಹಾಗೇ ಬಿಡಿ. ಗಾಡಿಯನ್ನು ಕೈಯಿಂದ ಜೋರಾಗಿ ತಳ್ಳಿ ನೋಡಿ. ಅಲ್ಲಾಡಿದರೆ ಅಲ್ಲಿಗೇ ನಿಲ್ಲಿಸಿ, ಸ್ಟ್ಯಾಂಡ್ ಸರಿಮಾಡಿ.

3. ಚಕ್ರ ತೆಗೆಯಿರಿ. ಸ್ಟೆಬಿಲೈಸರ್ ಬಾರಿನ (ತಿರುವಿನಲ್ಲಿ ಗಾಡಿ ವಾಲದಂತೆ ಹಿಡಿಯುವ ಸರಳು) ಲಿಂಕ್, ಎರಡೂ ಶಾಕುಗಳ ಕೆಳಗಿನ ಬೋಲ್ಟ್, ಲ್ಯಾಟರಲ್ ರಾಡಿನ ಒಂದು ತುದಿ, ಬ್ರೇಕ್ ಪೈಪ್ ಮತ್ತು ಎಬಿಎಸ್ ವೈರಿನ ಕ್ಲಿಪ್ಪುಗಳು, ಈ ಕ್ರಮದಲ್ಲಿ ಬಿಚ್ಚಿ. ಬ್ರೇಕ್ ಎಣ್ಣೆಯ ಕೊಂಡಿಯನ್ನು ಎಲ್ಲೂ ತೆರೆಯಬೇಕಿಲ್ಲ.

4. ಜಾಕನ್ನು ಮೆಲ್ಲಗೆ ಇಳಿಸಿ. ಈಗಲೇ ಇನ್ನೊಬ್ಬರು ಬೇಕಾಗುವುದು. ಅವರ ಕಣ್ಣು ಬ್ರೇಕ್ ಪೈಪಿನ ಮೇಲಿರಬೇಕು. ರಬ್ಬರ್ ಪೈಪ್ ಬಿಗಿಯಾಗಿ ನೇರವಾಗತೊಡಗಿದರೆ ನಿಲ್ಲಿಸಿ, ಎಲ್ಲೋ ಒಂದು ಕ್ಲಿಪ್ ಉಳಿದಿದೆ. ಆಕ್ಸೆಲಿನ ಭಾರ ಒಂದು ಕ್ಷಣವೂ ಪೈಪಿಗೆ ಬೀಳಬಾರದು.

5. ಸ್ಪ್ರಿಂಗಿನ ಮೇಲ್ತುದಿಗೂ ಎಡ-ಬಲಕ್ಕೂ ಬಣ್ಣದ ಗುರುತು ಹಾಕಿ ಹೊರಗೆಳೆಯಿರಿ. ಒಂದು ಕಡೆ ಸಿಕ್ಕಿಕೊಂಡರೆ ಎದುರು ಬದಿಯನ್ನು ಜಾಕಿನಿಂದ ತುಸು ಎತ್ತಿ, ಈ ಬದಿಯನ್ನು ಕೆಳಕ್ಕೆ ಒತ್ತಿ. ಕೈಬೆರಳು ಸ್ಪ್ರಿಂಗಿನ ಸುತ್ತುಗಳ ನಡುವೆ ಇರದಿರಲಿ.

6. ಸ್ಪ್ರಿಂಗಿನ ತುದಿ ಕೂರುವ ಮೇಲಿನ ಬಟ್ಟಲಿನಲ್ಲಿ ಕೆಂಪು ಮಣ್ಣು ಒಣಗಿ ಕಚ್ಚಿಕೊಂಡಿರುತ್ತದೆ. ತಂತಿ ಬ್ರಷ್ಷಿನಿಂದ ಉಜ್ಜಿ, ತುಕ್ಕು ಕಂಡರೆ ಬಣ್ಣ ಬಳಿಯಿರಿ. ಈ ಜಾಗ ಮತ್ತೆ ಬೆಳಕು ಕಾಣುವುದು ಯಾವಾಗಲೋ. ಸ್ಪೇಸರನ್ನು ಬಟ್ಟಲಿಗೆ ಕೂರಿಸಿ, ಅದರ ಕೆಳಗೆ ಕಂಪನಿಯ ರಬ್ಬರ್, ಅದರ ಕೆಳಗೆ ಸ್ಪ್ರಿಂಗ್. ರಬ್ಬರನ್ನು ಬಿಸಾಡಿ ಸ್ಪೇಸರ್ ಮಾತ್ರ ಇಡುವವರಿದ್ದಾರೆ. ಅಂಥ ಗಾಡಿ ಉಬ್ಬು ದಾಟಿದಾಗಲೆಲ್ಲ ಕಿರುಗುಡುತ್ತದೆ. ಸ್ಪ್ರಿಂಗಿನ ಕೆಳತುದಿಯ ಕತ್ತರಿಸಿದ ಕೊನೆ, ಕೆಳಗಿನ ಬಟ್ಟಲಿನಲ್ಲಿರುವ ಮೆಟ್ಟಿಲಿಗೆ ತಾಗಿ ನಿಲ್ಲುವವರೆಗೆ ಸ್ಪ್ರಿಂಗನ್ನು ಕೈಯಲ್ಲೇ ತಿರುಗಿಸಿ. ಇದನ್ನು ಬೆರಳಿಟ್ಟೇ ನೋಡಿ.

7. ಜಾಕ್ ಏರಿಸುತ್ತಾ ಶಾಕಿನ ಬೋಲ್ಟ್, ಲಿಂಕ್, ಕ್ಲಿಪ್ಪುಗಳನ್ನು ಜೋಡಿಸಿ. ಲ್ಯಾಟರಲ್ ರಾಡಿನ ತೂತು ಕೂಡುವುದಿಲ್ಲ, ತುಸು ಪಕ್ಕಕ್ಕೆ ಇರುತ್ತದೆ. ಸುತ್ತಿಗೆ ಬೇಡ. ಅದನ್ನು ಹಾಗೇ ಬಿಟ್ಟು, ಚಕ್ರ ಹಾಕಿ ಗಾಡಿಯನ್ನು ನೆಲಕ್ಕಿಳಿಸಿ. ಈಗ ಗೇರನ್ನು ನ್ಯೂಟ್ರಲಿಗೆ ತಂದು, ಎಂಜಿನ್ ಚಾಲು ಮಾಡಿ ಇನ್ನೊಬ್ಬರು ಸ್ಟೀರಿಂಗನ್ನು ನಿಧಾನವಾಗಿ ಆ ಕಡೆ ಈ ಕಡೆ ತಿರುಗಿಸಿದರೆ ಒಡಲು ಅಡ್ಡಕ್ಕೆ ಸರಿದು ತೂತು ಎದುರಾಗುತ್ತದೆ. ಅವರು ಎಂಜಿನ್ ಆರಿಸಿದ ಮೇಲಷ್ಟೇ ಕೈ ಹಾಕಿ ಬೋಲ್ಟ್ ದೂಡಿ.

8. ರಬ್ಬರ್ ಬುಷ್ ಇರುವ ಯಾವ ಬೋಲ್ಟನ್ನೂ ಚಕ್ರ ಗಾಳಿಯಲ್ಲಿರುವಾಗ ಬಿಗಿಯಬೇಡಿ. ಗಾಡಿ ತನ್ನ ಭಾರದಲ್ಲಿ ನಿಂತ ಮೇಲೆ, ಹತ್ತು ಅಡಿ ಹಿಂದೆ ಮುಂದೆ ಉರುಳಿಸಿ, ಬಾನೆಟ್ಟಿನ ಮೇಲೆ ಒತ್ತಿ ಕುಲುಕಿಸಿ, ಆಮೇಲೆ ಟಾರ್ಕ್ ವ್ರೆಂಚಿನಿಂದ ಕಂಪನಿಯ ಕೈಪಿಡಿ ಹೇಳುವಷ್ಟು ಬಿಗಿಯಿರಿ. ನೇತಾಡುವಾಗ ಬಿಗಿದ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ತಾಳ್ಮೆಗೆಟ್ಟ ಮೆಕ್ಯಾನಿಕ್ ತಪ್ಪಿಸುವುದು ಈ ಹೆಜ್ಜೆಯನ್ನೇ, ಪಕ್ಕದಲ್ಲಿ ನಿಂತು ಮಾಡಿಸಿ.

9. ಹಿಂಭಾಗ ಇದಕ್ಕಿಂತ ಸುಲಭ, ಆದರೆ ಒಂದು ಅಪಾಯ ಹೆಚ್ಚು. ಟು ವೀಲ್ ಡ್ರೈವಿನಲ್ಲಿ ಗೇರೂ ಹ್ಯಾಂಡ್‌ಬ್ರೇಕೂ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಅವು ಗಾಳಿಯಲ್ಲಿದ್ದರೆ ಗಾಡಿಯನ್ನು ಹಿಡಿದಿರುವುದು ಮುಂದಿನ ಚಕ್ರದ ದಿಮ್ಮಿಗಳು ಮಾತ್ರ. ಅವನ್ನು ಗುದ್ದಿ ಕೂರಿಸಿ. ಆಕ್ಸೆಲ್ ಇಳಿಸುವಾಗ ಬ್ರೇಕ್ ಪೈಪಿನ ಜೊತೆ ಹ್ಯಾಂಡ್‌ಬ್ರೇಕ್ ಕೇಬಲ್ ಮತ್ತು ಆಕ್ಸೆಲಿನ ಉಸಿರುಕೊಳವೆಯನ್ನೂ ಗಮನಿಸಿ. ಉಳಿದದ್ದು ಮುಂಭಾಗದಂತೆಯೇ.

ಹಾಕಿದ ಮೇಲೆ

ಮತ್ತೆ ನಾಲ್ಕೂ ಕಡೆ ಅಳೆಯಿರಿ. 30ರ ಸ್ಪೇಸರಿಗೆ ಹೆಚ್ಚು ಕಡಿಮೆ 30 ಏರಿರಬೇಕು. ಒಂದು ಮೂಲೆ ಮಾತ್ರ ಹತ್ತು ಮಿ.ಮೀ. ಹೆಚ್ಚು ತೋರಿಸಿದರೆ ಸ್ಪ್ರಿಂಗಿನ ತುದಿ ಮೆಟ್ಟಿಲು ಹತ್ತಿ ಕುಳಿತಿದೆಯೇ ಎಂದು ಮೊದಲು ನೋಡಿ.

ಗಾಡಿ ನೇರ ಹೋಗುವಾಗ ಸ್ಟೀರಿಂಗ್ ಚಕ್ರ ಓರೆ ಇರುತ್ತದೆ. ಸ್ಟೀರಿಂಗ್ ಚಕ್ರವನ್ನು ಬಿಚ್ಚಿ ನೇರಕ್ಕೆ ಹಾಕಬೇಡಿ. ಸ್ಟೀರಿಂಗಿನಿಂದ ಚಕ್ರದ ಕಡೆಗೆ ಹೋಗುವ ಡ್ರ್ಯಾಗ್ ಲಿಂಕ್ ಎಂಬ ಸರಳಿನ ಉದ್ದವನ್ನು ತಿರುಗಿಸಿ ಸರಿಮಾಡಬೇಕು. ಇದು ಅಂದದ ಮಾತಲ್ಲ. ಜಿಮ್ನಿಯಲ್ಲಿ ಗಾಡಿ ಜಾರದಂತೆ ತಾನೇ ಬ್ರೇಕ್ ಹಾಕುವ ಇಎಸ್‌ಪಿ ಇದೆ, ಅದು ಸ್ಟೀರಿಂಗಿನ ಕೋನ ನೋಡಿ ಗಾಡಿ ಎತ್ತ ತಿರುಗುತ್ತಿದೆ ಎಂದು ತೀರ್ಮಾನಿಸುತ್ತದೆ. ಓರೆ ಉಳಿದರೆ ನೇರ ರಸ್ತೆಯಲ್ಲೇ ಅದಕ್ಕೆ ಅನುಮಾನ ಬರಬಹುದು. ಅಲೈನ್‌ಮೆಂಟ್ ಮಾಡಿಸಿ, ಮುದ್ರಿತ ಚೀಟಿ ಕೇಳಿ ಪಡೆಯಿರಿ. ಗಟ್ಟಿ ಆಕ್ಸೆಲಿನಲ್ಲಿ ಅವರು ತಿರುಗಿಸಿ ಸರಿಮಾಡಬಲ್ಲದ್ದು ಟೋ (ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದು) ಒಂದನ್ನೇ. ಆದರೂ ಕ್ಯಾಸ್ಟರ್ ಎಷ್ಟು ಉಳಿದಿದೆ ಎಂಬುದು ಆ ಚೀಟಿಯಲ್ಲಿರುತ್ತದೆ. ಕೈಪಿಡಿಯ ಮಿತಿಯಿಂದ ಕೆಳಗಿದ್ದರೆ ಬುಷ್ ಬದಲಿಸುವ ಕಾಲ. ಹೆಡ್‌ಲೈಟನ್ನು ಗೋಡೆಗೆ ಬಿಟ್ಟು ನೋಡಿ, ಎದುರಿನವರ ಕಣ್ಣಿಗೆ ಹೊಡೆಯದಂತೆ ಇಳಿಸಿ.

ಮೊದಲ ಓಟ ಖಾಲಿ ರಸ್ತೆಯಲ್ಲಿರಲಿ. 40, 60, 80 ಎಂದು ಏರಿಸುತ್ತಾ ಸ್ಟೀರಿಂಗನ್ನು ಹಗುರವಾಗಿ ಹಿಡಿದು ಗಮನಿಸಿ. ಒಂದು ನಿರ್ದಿಷ್ಟ ವೇಗದಲ್ಲಿ ಗಾಡಿಯ ತಳದಿಂದ ಗುಂಯ್ ಎಂಬ ಅದುರು ಬಂದರೆ, ಶಕ್ತಿಯನ್ನು ಆಕ್ಸೆಲಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ ಹೆಚ್ಚಾಗಿದೆ, ತೆಳುವಾದ ಸ್ಪೇಸರಿಗೆ ಇಳಿಯಿರಿ. ತಿರುವುಗಳಲ್ಲಿ ನಿಮ್ಮ ಹಳೆಯ ವೇಗವನ್ನು ಮರೆತುಬಿಡಿ. 1,645 ಮಿ.ಮೀ. ಅಗಲದ, 1,720 ಮಿ.ಮೀ. ಎತ್ತರದ ಗಾಡಿ ಇದು, ಮೊದಲೇ ಅಗಲಕ್ಕಿಂತ ಎತ್ತರ. ಅದನ್ನು ಇನ್ನೂ ಎತ್ತರಿಸಿದ್ದೀರಿ. ಶಿರಾಡಿಯ ತಿರುವಿನಲ್ಲಿ ಬಸ್ಸನ್ನು ಹಿಂದಿಕ್ಕುವ ಹುಮ್ಮಸ್ಸು ಬೇಡ.

ಮಣ್ಣಿನ ದಿಣ್ಣೆಯೊಂದನ್ನು ಹುಡುಕಿ, ಮುಂದಿನ ಎಡ ಚಕ್ರ ಮೇಲೆ, ಹಿಂದಿನ ಎಡ ಚಕ್ರ ಕೆಳಗೆ ಬರುವಂತೆ ನಿಲ್ಲಿಸಿ. ಇಳಿದು ನೋಡಿ. ನೇತಾಡುವ ಚಕ್ರದ ಬ್ರೇಕ್ ಪೈಪಿನಲ್ಲಿ ಸಡಿಲು ಉಳಿದಿದೆಯೇ? ಏರಿದ ಚಕ್ರ ಮಡ್‌ಗಾರ್ಡಿನ ಒಳಪದರಕ್ಕೆ ಉಜ್ಜುತ್ತಿದೆಯೇ? ಸ್ಟೀರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ಮತ್ತೆ ನೋಡಿ, ಆಮೇಲೆ ಬದಿ ಬದಲಿಸಿ ಇನ್ನೊಮ್ಮೆ. ಪೈಪ್ ಬಿಗಿಯಾಗಿದ್ದರೆ ಅದರ ಬ್ರಾಕೆಟನ್ನು ಕೆಳಗಿಳಿಸುವ ತುಂಡು ಸಿಗುತ್ತದೆ, ಅದನ್ನು ಹಾಕಿಸುವವರೆಗೆ ಕಾಡುದಾರಿಗೆ ಇಳಿಯಬೇಡಿ.

500 ಕಿ.ಮೀ. ಓಡಿದ ಮೇಲೆ ಬಿಚ್ಚಿ ಹಾಕಿದ ಪ್ರತಿ ಬೋಲ್ಟಿಗೂ ಮತ್ತೆ ಟಾರ್ಕ್ ವ್ರೆಂಚ್ ಕೊಡಿ. ಬಿಗಿದ ಮೇಲೆ ಬೋಲ್ಟಿನ ತಲೆಯಿಂದ ಬ್ರಾಕೆಟಿನವರೆಗೆ ಬಿಳಿ ಬಣ್ಣದ ಒಂದು ಗೆರೆ ಎಳೆದಿಡಿ. ಮುಂದೆ ಗಾಡಿ ತೊಳೆಸಲು ಮೇಲೇರಿಸಿದಾಗ ಗೆರೆ ತುಂಡಾಗಿರುವ ಬೋಲ್ಟ್ ಕಂಡರೆ ಅದು ಸಡಿಲವಾಗಿದೆ.